ನಾಡಿ ಮೇಸ್ತ್ರಿಯ ಕೈ

ಇದನ್ನು ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೇನೆ. ಮನೆಯ ಮಾತು ಹೊಸ್ತಿಲು ದಾಟಬಾರದು ಎನ್ನುವುದು ಅಮ್ಮನ ನಿಲುವು. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ, ಹಗಲೆಲ್ಲ ಅಂಗಡಿಯ ಕೌಂಟರಿನಲ್ಲಿ ನಿಂತು ದಣಿದ ಮೇಲೆ. ಪಾಠದಲ್ಲಿ ಅರ್ಧಕ್ಕರ್ಧ ತೂಕಡಿಕೆಯಲ್ಲೇ ಹೋಯಿತು. ಹೀಗಾಗಿ ಎಲ್ಲಾದರೂ ಹೆಚ್ಚುಕಡಿಮೆ ಬರೆದಿದ್ದರೆ ದಯವಿಟ್ಟು ಕ್ಷಮಿಸಬೇಕು. ಎರಡು ಸಲ ಬರೆದು ಹರಿದು ಹಾಕಿದೆ. ಕೊನೆಗೆ ಅಪ್ಪನನ್ನೇ ಕೇಳಿದೆ. "ಬರಿ. ಆದ್ರೆ ನನ್ನನ್ನ ದೊಡ್ಡ ಮನುಷ್ಯ ಮಾಡ್ಬೇಡ, ಅಯ್ಯೋ ಪಾಪ ಅನ್ನೋ ಹಾಗೂ ಮಾಡ್ಬೇಡ" ಎಂದರು. ಎರಡನ್ನೂ ಮಾಡದೆ ಬರೆಯುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತಿಲ್ಲ.

ನಮ್ಮದು ಕೆಳಗೆ ಗ್ಯಾರೇಜು, ಮೇಲೆ ಮನೆ. ಮೇಲಿನ ಮೂರು ಕೋಣೆಗಳಲ್ಲಿ ಆರು ಜನ: ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಅವರ ಏಳು ವರ್ಷದ ಮಗಳು, ನಾನು. ಮಗುವಿನ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲವಾದ್ದರಿಂದ ಅವಳನ್ನು ಎಲ್ಲರೂ ಚಿನಕುರಳಿ ಎನ್ನುತ್ತೇವೆ. ಅಣ್ಣ ಬಾಡಿಗೆ ಕಾರು ಓಡಿಸುತ್ತಾನೆ. ಅತ್ತಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ನಾನು ಎರಡು ಬೀದಿಯಾಚೆಯ ಬಿಡಿಭಾಗಗಳ ಅಂಗಡಿಯಲ್ಲಿದ್ದೇನೆ. ಗೋದಾಮಿನ ಬೀಗದ ಕೈ ಇರುವುದು ನನ್ನೊಬ್ಬಳ ಹತ್ತಿರ.

ಅಪ್ಪನನ್ನು ಬೀದಿಯವರೆಲ್ಲ ನಾಡಿ ಮೇಸ್ತ್ರಿ ಎನ್ನುತ್ತಾರೆ. ಗಾಡಿ ಬಂದರೆ ಅವರು ಮೊದಲು ಸ್ಪ್ಯಾನರ್ ಹಿಡಿಯುವವರಲ್ಲ. ಎಂಜಿನ್ ಚಾಲೂ ಮಾಡಿಸಿ, ಬಾನೆಟ್ ಎತ್ತಿ, ರಬ್ಬರ್ ಪೈಪುಗಳ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಾರೆ. ಯಾವುದು ಬಿಸಿ, ಯಾವುದು ತಣ್ಣಗೆ ಎಂಬುದರ ಮೇಲೆ ಒಳಗಿನ ರೋಗ ಹೇಳುತ್ತಾರೆ. ಅವರು ಕೈಯಿಟ್ಟ ಮೇಲೆ ಇನ್ನೊಬ್ಬರು ಅಲ್ಲಿ ಕೈಯಿಡುವಂತಿಲ್ಲ. ಮೂವತ್ತು ವರ್ಷದಿಂದ ನಡೆದುಕೊಂಡು ಬಂದ ರೀತಿ ಅದು. ಅಣ್ಣ ಹದಿನಾರನೆಯ ವಯಸ್ಸಿನಲ್ಲಿ ಒಮ್ಮೆ ಕೈಯಿಟ್ಟು, "ಡಾಕ್ಟರು ನೋಡಿದ್ಮೇಲೆ ಕಾಂಪೌಂಡರ್ ನಾಡಿ ನೋಡ್ತಾನೇನೋ?" ಎಂದು ಹತ್ತು ಜನರೆದುರು ಬೈಸಿಕೊಂಡಿದ್ದ. ಆಮೇಲೆ ಯಾರೂ ಮುಟ್ಟಲಿಲ್ಲ.

ಥರ್ಮೋಸ್ಟಾಟ್ ಎಂದರೇನು ಎಂದು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಜಿನ್ನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ ಕೂರುವ ಒಂದು ಪುಟ್ಟ ಬಾಗಿಲು ಅದು. ಎಂಜಿನ್ ತಣ್ಣಗಿದ್ದಾಗ ಮುಚ್ಚಿರುತ್ತದೆ, ಸಾಕಷ್ಟು ಬಿಸಿಯಾದ ಮೇಲೆ ತಾನೇ ತೆರೆದು ನೀರನ್ನು ಬಿಡುತ್ತದೆ. ಎಷ್ಟು ಬಿಸಿಗೆ ತೆರೆಯಬೇಕೆಂಬುದು ಅದರ ಮೇಲೇ ಒತ್ತಿರುತ್ತದೆ. ಅಣ್ಣನ ಕಾರಿನದು ಎಂಬತ್ತೆರಡು ಡಿಗ್ರಿ. ಮುಚ್ಚಿಕೊಂಡೇ ಕಚ್ಚಿಕೊಂಡರೆ ಎಂಜಿನ್ ಕಾಯುತ್ತದೆ, ಆದರೆ ರೇಡಿಯೇಟರಿಗೆ ಹೋಗುವ ಮೇಲಿನ ಪೈಪು ಮಾತ್ರ ತಣ್ಣಗೆ ಇರುತ್ತದೆ. ಅಪ್ಪ ಕೈಯಿಟ್ಟು ನೋಡುತ್ತಿದ್ದದ್ದು ಅದನ್ನೇ.

ಅಣ್ಣನ ಕಾರು ಕಾಯತೊಡಗಿದ್ದು ಬೇಸಿಗೆಯ ಮೊದಲ ವಾರ. ಅಪ್ಪ ಕೈಯಿಟ್ಟರು. "ಪೈಪು ತಣ್ಣಗಿದೆ. ಥರ್ಮೋಸ್ಟಾಟ್ ಕಚ್ಕೊಂಡಿದೆ" ಎಂದರು. ಹೊಸದನ್ನು ನಾನೇ ಅಂಗಡಿಯಿಂದ ತಂದುಕೊಟ್ಟೆ. ಒಂಬತ್ತು ದಿನಕ್ಕೆ ಮತ್ತೆ ಕಾಯಿತು. ಮತ್ತೆ ಕೈಯಿಟ್ಟರು, ಮತ್ತೆ ಪೈಪು ತಣ್ಣಗೆ. ಇನ್ನೊಂದು ತಂದೆ. ಅದೂ ಹೋಯಿತು. ಮೂರನೆಯದನ್ನು ಹಾಕಿ ನಾಲ್ಕು ದಿನವಾಗಿತ್ತು, ಅಣ್ಣ ಮಧ್ಯಾಹ್ನದ ಊಟಕ್ಕೆ ನಡೆದುಕೊಂಡು ಬಂದ.

"ಗಾಡಿ ಎಲ್ಲೋ?" ಅಪ್ಪ ಕೇಳಿದರು.

"ಸೇತುವೆ ಮೇಲೆ. ಹೊಗೆ ಬಿಡ್ತಾ ನಿಂತಿದೆ. ಒಳಗಡೆ ಆಸ್ಪತ್ರೆಗೆ ಹೊರಟಿದ್ದ ಅಜ್ಜಿ ಇದ್ರು. ಅವರನ್ನ ಎತ್ಕೊಂಡು ಬೇರೆ ಗಾಡಿಗೆ ಹಾಕ್ದೆ. ಅಜ್ಜಿ ಏನಂದ್ರು ಗೊತ್ತಾ? ನಂಗಿಂತ ನಿನ್ನ ಗಾಡಿಗೇ ಜ್ವರ ಜಾಸ್ತಿ ಅಂದ್ರು."

ಚಿನಕುರಳಿ ಕಿಸಕ್ಕನೆ ನಕ್ಕಳು. ಅತ್ತಿಗೆ ಅವಳ ತಟ್ಟೆಗೆ ಮೊಟ್ಟೆ ಹಾಕಿ ಬಾಯಿ ಮುಚ್ಚಿಸಿದರು.

"ಮಾಲೇ ಸರಿ ಇಲ್ಲ," ಅಪ್ಪ ಬ್ರೆಡ್ ಮುರಿಯುತ್ತ ಹೇಳಿದರು. "ಮೂರಕ್ಕೆ ಮೂರೂ ನಕಲಿ."

"ಅಪ್ಪಾ, ಡಬ್ಬಿ ಸೀಲ್ ಒಡೆದವಳೇ ನಾನು," ಎಂದೆ.

"ಸೀಲೂ ನಕಲಿ ಇರುತ್ತಮ್ಮ. ನಿನಗೇನು ಗೊತ್ತಾಗುತ್ತೆ? ನನ್ನ ಕೈ ಸುಳ್ಳು ಹೇಳುತ್ತೇನು?"

"ಕೈ ಬಿಟ್ಟು ಬೇರೆ ಏನಾದ್ರೂ ನೋಡಿ ಅಪ್ಪ," ಅಣ್ಣ ಅಂದ. "ಮನೆ ಗಾಡೀನೇ ಹೀಗಾದ್ರೆ ಜನ ನನ್ನ ಗಾಡಿ ಹತ್ತಲ್ಲ, ನಿಮ್ಮ ಗ್ಯಾರೇಜಿಗೂ ಬರಲ್ಲ."

"ನೀನು ನನಗೆ ಹೇಳಿಕೊಡೋಷ್ಟು ದೊಡ್ಡವನಾದ್ಯಾ?"

"ಹಸಿದ ಹೊಟ್ಟೇಲಿ ಜಗಳ ಬೇಡ, ಉಂಡು ಆಡಿ," ಎಂದರು ಅಮ್ಮ. ಉಂಡ ಮೇಲೂ ಆಡಿದರು.

ಮಾತು ಮನೆಯೊಳಗೇ ಉಳಿದಿದ್ದರೆ ಪರವಾಗಿರಲಿಲ್ಲ. ಮಾರನೆಯ ದಿನ ಅಪ್ಪ ನಮ್ಮ ಅಂಗಡಿಗೆ ಬಂದು, ನಾಲ್ಕಾರು ಮೆಕ್ಯಾನಿಕ್‌ಗಳ ಎದುರಿಗೆ, ಇಲ್ಲಿ ನಕಲಿ ಮಾಲು ಮಾರುತ್ತಾರೆ ಎಂದು ಹೇಳಿ ಹೋದರು. ಮಗಳು ಅಲ್ಲೇ ನಿಂತಿದ್ದಾಳೆ ಎಂಬ ಪರಿವೆಯೂ ಇದ್ದಂತಿರಲಿಲ್ಲ. ನಾಡಿ ಮೇಸ್ತ್ರಿ ಹೇಳಿದ ಮೇಲೆ ಅಪೀಲಿಲ್ಲ. ಎರಡೇ ದಿನದಲ್ಲಿ ನಮ್ಮ ಖಾಯಂ ಗಿರಾಕಿಗಳು ಎದುರಿನ ಸಾಲಿನ ಅಂಗಡಿಗೆ ತಿರುಗಿದರು.

ಅಂಗಡಿ ಯಜಮಾನರು ಕೂಗಾಡುವವರಲ್ಲ. ನನ್ನನ್ನು ಒಳಗೆ ಕರೆದು, ಕುರ್ಚಿ ತೋರಿಸಿ, ನಿಧಾನವಾಗಿ ಹೇಳಿದರು.

"ನೋಡಮ್ಮ, ಕಂಪನಿಯಿಂದ ನನಗೆ ಬರೋದು ಅಸಲಿ ಮಾಲು. ಗೋದಾಮಿನ ಕೀಲಿ ನಿನ್ನ ಹತ್ರ. ನಿಮ್ಮಪ್ಪ ಹೇಳೋದು ನಿಜ ಆದ್ರೆ, ಅಸಲಿ ತೆಗೆದು ನಕಲಿ ಇಟ್ಟೋರು ಯಾರು? ನಾನು ಹೇಳ್ತಾ ಇಲ್ಲ, ಕೇಳ್ತಾ ಇದೀನಿ. ಅವರ ಮಾತು ಸುಳ್ಳಾದ್ರೆ ಅವರೇ ಬಂದು ನಾಲ್ಕು ಜನರ ಮುಂದೆ ಹೇಳಲಿ. ಎಂಟು ದಿನ ಕಾಯ್ತೀನಿ."

ನಾನು ತಲೆಯಾಡಿಸಿ ಬಂದೆ. ಆರು ವರ್ಷ ಒಂದು ಸ್ಕ್ರೂ ಕೂಡ ಮನೆಗೆ ತಂದವಳಲ್ಲ. ಆದರೂ ಬರುತ್ತ ದಾರಿಯಲ್ಲಿ ನನ್ನ ಮೇಲೆ ನನಗೇ ಅನುಮಾನ ಹತ್ತಿತು. ಬೇರೆ ಕಾರಿನ ನಂಬರಿನ ಡಬ್ಬಿ ಕೊಟ್ಟೆನೇ? ಹಿಂತಿರುಗಿಸಿದ ಹಳೆಯದನ್ನೇ ಮತ್ತೆ ಕಪಾಟಿಗೆ ಸೇರಿಸಿದೆನೇ? ಮರುದಿನ ಬಿಲ್ಲುಗಳನ್ನು ಮೂರು ಸಲ ತಿರುವಿ ಹಾಕಿದೆ. ಎಲ್ಲವೂ ಸರಿಯಿತ್ತು. ಸರಿಯಿದ್ದದ್ದಕ್ಕೇ ಇನ್ನೂ ಹೆದರಿಕೆಯಾಯಿತು. ನಾನು ಕಳ್ಳಿಯಲ್ಲ ಎಂದು ತೋರಿಸಬೇಕಾದರೆ ಅಪ್ಪನ ಕೈ ತಪ್ಪು ಎಂದು ತೋರಿಸಬೇಕು. ಅವರ ಹತ್ತಿರ ಇದ್ದದ್ದು ಅದೊಂದೇ.

ಸಂಜೆ ಕಾಲೇಜಿನ ಲ್ಯಾಬಿನಿಂದ ಒಂದು ಥರ್ಮಾಮೀಟರ್ ಕೇಳಿ ತಂದೆ. ಭಾನುವಾರ ಬೆಳಗಿನ ತಿಂಡಿಯಾದ ಮೇಲೆ, ಅಪ್ಪ ಬಿಚ್ಚಿ ಹಾಕಿದ್ದ ಮೂರೂ ಥರ್ಮೋಸ್ಟಾಟ್‌ಗಳನ್ನು ಉಜ್ಜಿ ತೊಳೆದು ಅಡುಗೆಮನೆಗೆ ಹೋದೆ.

"ಅಯ್ಯೋ, ನನ್ನ ಹಾಲಿನ ಪಾತ್ರೆ!" ಅಮ್ಮ ಚೀರಿದರು. "ಆ ಗ್ರೀಸಿನ ಗಲೀಜಿಗೆ ಬೇರೆ ಪಾತ್ರೆ ಸಿಗಲಿಲ್ವೇನೇ?"

"ಆಳ ಇರೋದು ಇದೊಂದೇ ಅಮ್ಮ. ತೊಳೆದು ಕೊಡ್ತೀನಿ."

"ನೀನು ತೊಳೆಯೋದು, ನಾನು ಅದರಲ್ಲಿ ಹಾಲು ಕಾಯಿಸೋದು. ಆಯ್ತು, ಇನ್ಮೇಲೆ ಟೀಗೆ ಪೆಟ್ರೋಲ್ ವಾಸನೆ."

ಮೂರನ್ನೂ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ಸೌಟಿನ ಹಿಡಿಗೆ ನೇತು ಹಾಕಿ ನೀರಿನಲ್ಲಿ ಮುಳುಗಿಸಿದೆ. ಒಲೆ ಹಚ್ಚಿದೆ. ಅಣ್ಣ ಬಾಗಿಲಿಗೊರಗಿ ನಿಂತ. ಅತ್ತಿಗೆ ಆಲೂಗಡ್ಡೆ ಹೆಚ್ಚುವುದನ್ನು ನಿಲ್ಲಿಸಿದರು. ಚಿನಕುರಳಿ ಸ್ಟೂಲು ಹತ್ತಿ ಥರ್ಮಾಮೀಟರಿನ ಅಂಕಿ ಓದತೊಡಗಿದಳು. ಅಪ್ಪ ಕರೆಯದೆಯೇ ಬಂದು ನನ್ನ ಹಿಂದೆ ನಿಂತರು.

"ಅರವತ್ತು... ಎಪ್ಪತ್ತು... ಎಪ್ಪತ್ತೆಂಟು... ಎಂಬತ್ತೆರಡು... ಅತ್ತೇ, ಬಾಯಿ ತೆಗೀತಾ ಇದೆ!"

ಎಂಬತ್ತೆರಡಕ್ಕೆ ಒಂದು, ಎಂಬತ್ತಮೂರಕ್ಕೆ ಇನ್ನೆರಡು. ಮೂರೂ ಒಂದೇ ಸಮನೆ ನಿಧಾನವಾಗಿ ತೆರೆದುಕೊಂಡವು. ನಕಲಿಯೂ ಇಲ್ಲ, ಕಚ್ಚಿಕೊಂಡದ್ದೂ ಇಲ್ಲ. ನನಗೆ ಅಳು ಬಂತು. ಯಾರ ಸಲುವಾಗಿ ಬಂತೋ ತಿಳಿಯದು.

"ಆ ಕಡ್ಡಿ ಸುಳ್ಳು," ಎಂದರು ಅಪ್ಪ.

"ಕಡ್ಡಿ ಕಾಲೇಜಿಂದು ಅಪ್ಪ."

"ಕಾಲೇಜಿಂದಾದ್ರೆ ದೇವಲೋಕದ್ದಾ? ಸರಿ ಆ ಕಡೆ." ನನ್ನನ್ನು ಪಕ್ಕಕ್ಕೆ ಸರಿಸಿದರು. ಬಲಗೈಯ ನಾಲ್ಕು ಬೆರಳನ್ನೂ ನೀರಿನೊಳಗಿಟ್ಟು ಕಣ್ಣು ಮುಚ್ಚಿದರು. ಪೈಪಿನ ಮೇಲೆ ಇಡುವ ಹಾಗೆಯೇ.

"ನೋಡು. ಉಗುರುಬೆಚ್ಚಗೂ ಇಲ್ಲ," ಎಂದರು.

ಪಾತ್ರೆಯ ಅಂಚಿನಲ್ಲಿ ಗುಳ್ಳೆಗಳೇಳುತ್ತಿದ್ದವು, ಆವಿ ಅವರ ಕನ್ನಡಕಕ್ಕೆ ಮೆತ್ತಿಕೊಂಡಿತ್ತು. ಅವರು ಸಾವಕಾಶವಾಗಿ ಒಂದು ಥರ್ಮೋಸ್ಟಾಟನ್ನು ದಾರದಿಂದ ಬಿಡಿಸಿ ಅಂಗೈಯಲ್ಲಿಟ್ಟು ನಮಗೆ ತೋರಿಸಿದರು.

"ತಾತಾ," ಚಿನಕುರಳಿ ಕೇಳಿದಳು, "ಸುಡಲ್ವಾ?"

ಅಪ್ಪ ಅವಳ ಮುಖ ನೋಡಿದರು. ಆಮೇಲೆ ಕೈ ನೋಡಿಕೊಂಡರು. ಬೆರಳುಗಳು ಕೆಂಪಗೆ ಊದುತ್ತಿದ್ದವು. ಮೊದಲು ಚುರುಕಾದದ್ದು ಅಮ್ಮ. ಒಲೆ ಆರಿಸಿ, ಅವರ ಮಣಿಕಟ್ಟು ಹಿಡಿದು ನಲ್ಲಿಯ ಕೆಳಗೆಳೆದರು. ಆ ಲೋಹದ ತುಂಡು ನೆಲಕ್ಕೆ ಬಿದ್ದು ಉರುಳಿತು. ಅಣ್ಣ ಅದನ್ನೆತ್ತಲು ಬಗ್ಗಿ, ಮುಟ್ಟಿದವನೇ "ಹಾ!" ಎಂದು ಕೈ ಕೊಡವಿ ಹಿಂದಕ್ಕೆ ಹಾರಿದ.

"ಏನಾಗ್ತಿದೆ ರೀ? ಹೇಳ್ರೀ! ಉರೀತಿಲ್ವಾ?" ಅಮ್ಮ ನಲ್ಲಿಯಡಿ ಹಿಡಿದ ಕೈಯನ್ನು ಬಿಡದೆ ಕೇಳಿದರು.

"ಏನೂ ಇಲ್ಲ ಕಣೇ," ಎಂದರು ಅಪ್ಪ. "ಏನೂ ಇಲ್ಲ."

ಸೋಮವಾರ ಅತ್ತಿಗೆಯೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಡಾಕ್ಟರಮ್ಮ ಸುಟ್ಟ ಬೆರಳಿಗೆ ಪಟ್ಟಿ ಕಟ್ಟಿ, ರಕ್ತ ನೋಡಿ, ಸಕ್ಕರೆ ಕಾಯಿಲೆ ಎಂದರು. ಹಳೆಯದು, ನರಗಳಿಗೆ ಇಳಿದಿದೆ ಎಂದರು.

"ಎಷ್ಟು ವರ್ಷದಿಂದ?"

"ಈಗ ನೀವು ಹೇಳಿದ್ರಲ್ಲ, ಈಗಿನಿಂದ," ಎಂದರು ಅಪ್ಪ.

ಡಾಕ್ಟರಮ್ಮ ನಗಲಿಲ್ಲ. "ಇದು ಮೊದಲು ಪಾದಕ್ಕೆ ಬರೋದು ಯಜಮಾನ್ರೇ. ಬೂಟು ಬಿಚ್ಚಿ," ಎಂದರು. ಎಡಗಾಲಿನ ಬೂಟು ಬಿಚ್ಚಿ ಅಲುಗಿಸಿದಾಗ ಟಣ್ ಎಂದು ಒಂದು ನಟ್ಟು ಬಿದ್ದಿತು, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಅಂಗಾಲಿನಲ್ಲಿ ಅದೇ ಆಕಾರದ ಆರು ಮೂಲೆಯ ಗಾಯ, ಒಳಗೆ ಕೀವು. ಎಷ್ಟು ದಿನದಿಂದ ಅದರ ಮೇಲೆ ನಡೆದಾಡಿದ್ದರೋ. ಅತ್ತಿಗೆ ದಿನವೂ ಆಸ್ಪತ್ರೆಯ ರಕ್ತದ ಬಟ್ಟೆ ಒಗೆಸುವವರು, ಅವರೇ ಗೋಡೆ ಹಿಡಿದುಕೊಂಡರು.

ಅಂದು ಅಣ್ಣ ಕಾರನ್ನು ರೇಡಿಯೇಟರ್ ರಿಪೇರಿಯವನ ಹತ್ತಿರ ಎಳೆಸಿಕೊಂಡು ಹೋಗಿದ್ದ. ಒಳಗಿನ ಕೊಳವೆಗಳಲ್ಲಿ ಅರ್ಧದಷ್ಟು ತುಕ್ಕು, ಸುಣ್ಣದಿಂದ ಕಟ್ಟಿಕೊಂಡಿದ್ದವು. ನೀರು ಸರಾಗವಾಗಿ ಹರಿಯುವಂತಿರಲಿಲ್ಲ. ಥರ್ಮೋಸ್ಟಾಟಿಗೂ ಅದಕ್ಕೂ ಸಂಬಂಧವಿಲ್ಲ. "ಯಾರಾದ್ರೂ ಮೇಲಿನ ಪೈಪು ಮುಟ್ಟಿದ್ರೆ ಕೈ ಸುಟ್ಟುಕೊಂಡು ಆವತ್ತೇ ಹೇಳ್ತಿದ್ರು" ಎಂದನಂತೆ ಆತ. ಅಣ್ಣ ಊಟಕ್ಕೆ ಕೂತು ಇದನ್ನು ಹೇಳಿದ. ಅಪ್ಪ ಎದ್ದು ಕೋಣೆಗೆ ಹೋದರು.

"ಅದನ್ನ ಈಗಲೇ ಹೇಳ್ಬೇಕಿತ್ತಾ?" ಅತ್ತಿಗೆ ಗದರಿದರು.

"ಮತ್ಯಾವಾಗ ಹೇಳಲಿ? ಮೂರು ವಾರ ನಾನು ಆ ಗಾಡೀಲಿ ಜನರನ್ನ ಕೂರಿಸ್ಕೊಂಡು ಓಡಾಡಿದೀನಿ."

"ನೀನೂ ಒಂದು ಸಲ ಮುಟ್ಟಬಹುದಿತ್ತಲ್ಲೋ," ಎಂದರು ಅಮ್ಮ.

ಅಣ್ಣ ತಟ್ಟೆ ಪಕ್ಕಕ್ಕೆ ತಳ್ಳಿ, "ಯಾರು ಬಿಟ್ಟಿದ್ರಮ್ಮ ಮುಟ್ಟೋಕೆ?" ಎಂದ.

ಅಪ್ಪ ಆ ವಾರ ಗ್ಯಾರೇಜಿಗೆ ಇಳಿಯಲಿಲ್ಲ. ಗಾಡಿ ತಂದವರಿಗೆ ಅಮ್ಮ ಮೆಟ್ಟಿಲ ಮೇಲೆ ನಿಂತು, ಮೇಸ್ತ್ರಿಗೆ ಜ್ವರ ಎಂದು ಸುಳ್ಳು ಹೇಳಿ ಕಳಿಸಿದರು. ನನ್ನ ಎಂಟು ದಿನಗಳಲ್ಲಿ ಆರು ಮುಗಿದಿದ್ದವು. ಅಂಗಡಿಯ ಗಡುವಿನ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. ಅಮ್ಮನಿಗೂ ಅತ್ತಿಗೆಗೂ ಮಾತ್ರ ಹೇಳಿದ್ದೆ, ಅವರಿಬ್ಬರೂ ಬಟ್ಟೆ ಮಡಿಸುತ್ತ ಅದರ ಮೇಲೇ ಜಗಳಕ್ಕೆ ಬಿದ್ದರು.

"ಮಾವನಿಗೆ ಹೇಳಿ ಅತ್ತೆ. ಇವಳ ಮೇಲೆ ಕಳ್ಳಿ ಅನ್ನೋ ಹೆಸರು ಬರಬೇಕಾ?"

"ಅವರು ಹೋಗಿ ಏನಂತ ಹೇಳಬೇಕು? ನನ್ನ ಕೈ ಸತ್ತಿದೆ ಅಂತಾನಾ? ನಾಳೆಯಿಂದ ಯಾವ ನರಪಿಳ್ಳೆ ಗ್ಯಾರೇಜಿನ ಕಡೆ ತಲೆ ಹಾಕುತ್ತೆ?"

"ಹಾಗಾದ್ರೆ ಇವಳು ಸಾಯಲಾ?"

"ಇವಳಿಗೆ ಬೇರೆ ಅಂಗಡಿ ಸಿಗುತ್ತೆ. ಅವರಿಗೆ ಬೇರೆ ಕೈ ಸಿಗುತ್ತಾ?"

ಅಮ್ಮ ಹಾಗೆಂದರೆಂದು ನನಗೆ ಕೋಪ ಬರಲಿಲ್ಲ. ಕೆಲಸ ಬಿಡುತ್ತೇನೆ ಎಂದು ಅವತ್ತೇ ತೀರ್ಮಾನಿಸಿ ಕಾಗದವನ್ನೂ ಬರೆದಿಟ್ಟೆ. ಇದನ್ನು ತ್ಯಾಗ ಎಂದುಕೊಳ್ಳಬೇಡಿ. ಅಪ್ಪನ ಎದುರು ನಿಂತು ಕೇಳುವ ಎದೆಗಾರಿಕೆ ನನಗಿರಲಿಲ್ಲ, ಅಷ್ಟೇ.

ಎಂಟನೆಯ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಅಂಗಡಿಯಲ್ಲಿ ನೂಕುನುಗ್ಗಲು. ಹಾಗೆ ಹೇಳಿದರೆ ಸುಳ್ಳಾದೀತು, ಐದಾರು ಜನರಿದ್ದರು. ಮಾಲು ತಂದ ವ್ಯಾನು ಆಗಷ್ಟೇ ಬಾಗಿಲಲ್ಲಿ ನಿಂತು, ಡ್ರೈವರ್ ನೀರು ನೋಡಲೆಂದು ಬಾನೆಟ್ ಎತ್ತಿದ್ದ. ಅಪ್ಪ ಕುಂಟುತ್ತ ಬಂದರು. ಗಡುವಿನ ವಿಷಯ ಅವರಿಗೆ ಯಾರು ಹೇಳಿದ್ದರೋ, ಇವತ್ತಿಗೂ ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ. ಬಲಗೈಗೆ ಪಟ್ಟಿ ಇತ್ತು. ಮೂರೂ ಥರ್ಮೋಸ್ಟಾಟ್‌ಗಳನ್ನು ಕೌಂಟರಿನ ಮೇಲಿಟ್ಟರು.

"ಯಜಮಾನ್ರೇ, ನಿಮ್ಮ ಮಾಲು ಅಸಲಿ. ತಪ್ಪು ನಂದು. ಇವರೆಲ್ಲರ ಮುಂದೆ ಹೇಳ್ತಾ ಇದೀನಿ."

ಯಜಮಾನರು ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದರು. "ಮೇಸ್ತ್ರಿಗಳೇ, ಮಗಳಿಗೋಸ್ಕರ ಹೀಗೆ ಹೇಳ್ತಿದೀರಿ ಅಂತ ನನಗೆ ಗೊತ್ತಾಗಲ್ವಾ? ಮೂವತ್ತು ವರ್ಷದಲ್ಲಿ ನಿಮ್ಮ ಕೈ ಒಂದು ಸಲಾನಾದ್ರೂ ತಪ್ಪಿದೆಯಾ?"

"ತಪ್ಪಿದೆ."

"ನಾನು ನಂಬಲ್ಲ. ಇವರೂ ನಂಬಲ್ಲ. ಕೇಳಿ ಬೇಕಾದ್ರೆ."

ನಿಂತಿದ್ದವರು ಹೌದೆಂದು ತಲೆಯಾಡಿಸಿದರು. ಅವರ ನಂಬಿಕೆಯೇ ನನ್ನ ಕುತ್ತಿಗೆಗೆ ಬಂದಿತ್ತು. ಅಪ್ಪ ಹೊರಗೆ ನಡೆದು ವ್ಯಾನಿನ ಮುಂದೆ ನಿಂತರು. ರೇಡಿಯೇಟರಿನ ಮೇಲಿನ ಲೋಹದ ತೊಟ್ಟಿಯ ಮೇಲೆ ಎಡಗೈ ಅಂಗೈಯನ್ನು ಪೂರ್ತಿ ಊರಿದರು.

"ಏ, ಏ, ಮುಟ್ಟಬೇಡಿ! ಈಗ ತಾನೇ ನಿಲ್ಸಿದೀನಿ!" ಡ್ರೈವರ್ ಕಿರುಚಿದ.

ಅಪ್ಪ ಕೈ ತೆಗೆಯಲಿಲ್ಲ. ಯಜಮಾನರ ಕಡೆ ತಿರುಗಿ, ಸಾಮಾನು ವಿಚಾರಿಸುವ ದನಿಯಲ್ಲಿ ಕೇಳಿದರು: "ಹೇಳಿ ಯಜಮಾನ್ರೇ. ಇದು ಬಿಸಿ ಇದೆಯಾ, ತಣ್ಣಗಿದೆಯಾ? ನನಗೆ ಗೊತ್ತಾಗ್ತಾ ಇಲ್ಲ."

ಒಂದು ವಾಸನೆ ಬಂತು. ನಾನು ಕೌಂಟರಿನ ಮೇಲಿಂದ ಹೇಗೆ ಹಾರಿದೆನೋ ತಿಳಿಯದು, ಮೊಣಕಾಲು ತರಚಿದ್ದು ಸಂಜೆ ಕಂಡಿತು. ತೋಳು ಹಿಡಿದು ಎಳೆದೆ. ಕೈ ಬಂತು, ಅಂಗೈಯ ಚರ್ಮ ಪೂರ್ತಿ ಬರಲಿಲ್ಲ. ಮೆಕ್ಯಾನಿಕ್‌ಗಳಲ್ಲಿ ಒಬ್ಬ ಮೋರಿಯ ಕಡೆ ಓಡಿ ವಾಂತಿ ಮಾಡಿದ. ಯಜಮಾನರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು, "ಸಾಕು ಮೇಸ್ತ್ರಿಗಳೇ, ಸಾಕು, ಸಾಕು" ಎನ್ನುತ್ತಲೇ ಇದ್ದರು, ಆಗಲೇ ಎಲ್ಲ ಮುಗಿದು ಹೋಗಿದ್ದರೂ.

"ಬಿಸಿ ಅಂತೀರಿ ಹಾಗಾದ್ರೆ," ಎಂದರು ಅಪ್ಪ.

ಕೆಲಸ ಉಳಿಯಿತು. ಯಜಮಾನರು ಈಗ ನನ್ನ ಬಿಲ್ಲುಗಳನ್ನು ತೆರೆದು ನೋಡುವುದೇ ಇಲ್ಲ. ಅದು ವಿಶ್ವಾಸಕ್ಕೋ, ನನ್ನ ಮುಖ ನೋಡಲಾಗದ್ದಕ್ಕೋ ತಿಳಿಯದು.

ಗ್ಯಾರೇಜು ಎರಡು ತಿಂಗಳು ಮುಚ್ಚಿತ್ತು. ಈಗ ಬೆಳಗಿನ ಹೊತ್ತು ಅಣ್ಣ ಅಲ್ಲಿರುತ್ತಾನೆ. ಅವನು ಪೈಪಿನ ಮೇಲೆ ಕೈಯಿಡುತ್ತಾನೆ, ಅಪ್ಪ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಾರೆ.

"ಎಷ್ಟು ಎಣಿಸೋ ತನಕ ಇಡೋಕಾಗುತ್ತೆ?"

"ಮೂರು."

"ಕೆಳಗಿನದು?"

"ಹತ್ತು ಎಣಿಸಿದ್ರೂ ಆಗುತ್ತೆ."

"ನೀನು ಬೇಗ ಬೇಗ ಎಣಿಸ್ತೀಯ. ಸರಿಯಾಗಿ ಎಣಿಸು."

ಗಿರಾಕಿಗಳು ಮೊದಲಿನಷ್ಟಿಲ್ಲ. ಬಂದವರು ಅಪ್ಪನ ಕೈಗಳನ್ನು ಓರೆಗಣ್ಣಿನಿಂದ ನೋಡುತ್ತಾರೆ. ಅಮ್ಮ ಅಪ್ಪನ ಬೂಟುಗಳನ್ನು ದಿನಾ ಬೆಳಗ್ಗೆ ತಲೆಕೆಳಗು ಮಾಡಿ ಕೊಡವುತ್ತಾರೆ.

ಇನ್ನು ನನಗೆ ಗೊತ್ತಿಲ್ಲದ್ದನ್ನು ಹೇಳಿಬಿಡಬೇಕು. ಅಪ್ಪನಿಗೆ ಯಾವಾಗಿನಿಂದ ತಿಳಿದಿತ್ತು? ಅಡುಗೆಮನೆಯಲ್ಲಿ ಮಗು ಕೇಳಿದಾಗ ಅವರ ಮುಖದಲ್ಲಿ ಕಂಡದ್ದು ಆಗಷ್ಟೇ ಗೊತ್ತಾದವನ ಗಾಬರಿಯೋ, ಸಿಕ್ಕಿಬಿದ್ದವನ ಗಾಬರಿಯೋ? ಒಂದು ದಿನ ಧೈರ್ಯ ಮಾಡಿ ಕೇಳಿದೆ. "ಟೀ ಆರಿದೆ ನೋಡು, ಬಿಸಿ ಮಾಡು" ಎಂದರು. ಲೋಟ ಮುಟ್ಟಿದೆ. ಆರಿರಲಿಲ್ಲ.

ಗ್ಯಾರೇಜಿನ ಅಟ್ಟದಲ್ಲಿ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಈಚಿನ ವರ್ಷಗಳಲ್ಲಿ ಬೇರೆಯವರ ಕಾರುಗಳಿಂದ ಅಪ್ಪ ಕೆಟ್ಟಿವೆಯೆಂದು ಬಿಚ್ಚಿಟ್ಟಿದ್ದ ಥರ್ಮೋಸ್ಟಾಟ್‌ಗಳು ಅದರಲ್ಲಿದ್ದವು, ಐವತ್ತರ ಮೇಲೆ. ಹನ್ನೊಂದನ್ನು ನೀರಿಗೆ ಹಾಕಿ ಕಾಯಿಸಿದೆ. ಒಂಬತ್ತು ಸರಿಯಾಗಿ ತೆರೆದುಕೊಂಡವು. ಆ ಕಾರುಗಳ ನಿಜವಾದ ರೋಗ ಏನಿತ್ತೋ, ಅವು ಯಾರನ್ನು ಎಲ್ಲಿ ನಡುದಾರಿಯಲ್ಲಿ ನಿಲ್ಲಿಸಿದವೋ ನನಗೆ ಗೊತ್ತಿಲ್ಲ. ಉಳಿದವನ್ನು ಇನ್ನೂ ಕಾಯಿಸಿ ನೋಡಿಲ್ಲ.